ಮೊದಲ ವ್ಯಾಟು

ನಮ್ಮ ಊರಿನ ಹೆಸರಿಗೆ ದೋಣಿ ಎಂದರ್ಥ.
ಹೊಳೆಗಳನ್ನು ಮಾತ್ರ ಎಂದೋ ನೆಲದಡಿಯ ಕೊಳವೆಗೆ ತುಂಬಿ
ಮೇಲೆ ಬಟ್ಟೆಗಿರಣಿ ಕಟ್ಟಿದರು.
ಗಿರಣಿಯೂ ಮುಚ್ಚಿ, ಈಗ ಅಲ್ಲಿ ಕಾಫಿ ಮಾರುತ್ತಾರೆ.

ವೂಚ್ ಪಟ್ಟಣದ ಒಂದು ಹಿತ್ತಲಂಗಳದಲ್ಲಿ ನನ್ನ ಅಂಗಡಿ.
ಹಳೆಯ ಆಂಪ್ಲಿಫೈಯರ್ ಕೊಳ್ಳುತ್ತೇನೆ, ಬಿಚ್ಚುತ್ತೇನೆ,
ಬೆಸುಗೆ ಹಾಕಿ ಮಾರುತ್ತೇನೆ.
ಗಂಡಸರು ಬರುತ್ತಾರೆ. ಎಷ್ಟು ವ್ಯಾಟು ಎನ್ನುತ್ತಾರೆ,
ಸಂತೆಯಲ್ಲಿ ಎತ್ತಿನ ಹಲ್ಲೆಣಿಸುವವರ ಹಾಗೆ.

ನವೆಂಬರಿನ ಒಂದು ಮಂಗಳವಾರ ಗೆನೊವೆಫಾ ಬಂದರು.
ಚಕ್ರದ ಚೀಲದಲ್ಲಿ ಒಂದೇ ಒಂದು ಸ್ಪೀಕರು.
"ಇನ್ನೊಂದು ಮನೆಯಲ್ಲಿದೆ. ಅದೂ ಹೀಗೇ ಇದೆ."
ಲಕೋಟೆಯಲ್ಲಿ ಮುನ್ನೂರ ನಲವತ್ತು ಝ್ಲೋಟಿ,
ಮೇಲೆ ಪೆನ್ಸಿಲ್ಲಿನಲ್ಲಿ 'ಹಲ್ಲು' ಎಂದು ಬರೆದು
ಹೊಡೆದು ಹಾಕಿತ್ತು.

"ಮೂವತ್ತೊಂದು ವರ್ಷ ಮಗ್ಗದ ಸಾಲಿನಲ್ಲಿ ನಿಂತವಳು.
ಅಲ್ಲಿ ಮಾತೆಲ್ಲ ತುಟಿಯಲ್ಲೇ.
ನಿಮಗೆ ಈ ಮೀಸೆ ಇಲ್ಲದಿದ್ದರೆ
ಇನ್ನೂ ಸ್ಪಷ್ಟವಾಗಿ ಕೇಳಿಸುತ್ತಿತ್ತು."

ಜೋರಾಗಿ ಬೇಕೇನೋ ಎಂದುಕೊಂಡೆ. ಕೈಯಾಡಿಸಿದರು.
ಜೋರು ಸಾಕಾಗಿದೆಯಂತೆ, ಈ ಜನ್ಮಕ್ಕೆ.

ಸರಿ, ಹೇಳಿದೆ, ತುಟಿಯನ್ನು ನಿಧಾನ ಆಡಿಸುತ್ತ:
ನೂರು ವ್ಯಾಟಿನದು ಹತ್ತರದಕ್ಕಿಂತ
ಹತ್ತು ಪಟ್ಟು ಕೂಗುವುದಿಲ್ಲ,
ಎರಡು ಪಟ್ಟು, ಅದೂ ಸುಮಾರಾಗಿ.
ಗೋಡೆಯಾಚೆ ಯಾರದೋ ಮಗು ಮಲಗಿರುವ ಮನೆಗಳಲ್ಲಿ
ನಾವು ಕೇಳುವುದೆಲ್ಲ ಮೊದಲ ಒಂದು ವ್ಯಾಟಿನೊಳಗೇ.
ಉಳಿದದ್ದು
ಮದುವೆಗೆಂದು ಅಟ್ಟದಲ್ಲಿಟ್ಟ ಹಂಡೆ.

ಎರಡನ್ನು ಮೇಜಿನ ಮೇಲಿಟ್ಟೆ.
ಒಂದು ಅಂಗೈಯಗಲ, ಹೊಸದು, ನೀಲಿ ದೀಪದ್ದು,
ಇನ್ನೂರ ತೊಂಬತ್ತು.
ಇನ್ನೊಂದು ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನದು,
ಇಪ್ಪತ್ತು ವ್ಯಾಟು, ಏಳು ಕಿಲೋ,
ಕೆಪಾಸಿಟರುಗಳನ್ನು ನಾನೇ ಬದಲಿಸಿದ್ದು, ನಾನೂರ ಇಪ್ಪತ್ತು.

ಚೆಲ್ಲೊ ಹಾಕಿದೆ. ಅವರು ಸ್ಪೀಕರಿನ ನೆತ್ತಿಗೆ ಕೈಯಿಟ್ಟರು,
ಜ್ವರ ನೋಡುವಂತೆ.
ಎರಡರಲ್ಲೂ ತಲೆ ತೂಗಿದರು.

ಸುಳ್ಳು ಹೇಳಬಾರದೆಂದು ಹೇಳಿದೆ:
ಈ ಚಿಕ್ಕದರಲ್ಲಿ ಹಾಡು ನಿಂತಾಗ ಒಂದು ಸುಂಯ್ ಎನ್ನುವ ಸದ್ದಿದೆ,
ಸಣ್ಣದು, ಕೆಟಲು ಕಾಯುವ ಮೊದಲಿನಷ್ಟು.
ಅವರು ಕಿವಿಗೊಟ್ಟರು. ಇಲ್ಲ.
ಕನ್ನಡಕ ತೆಗೆದಿಟ್ಟು ಕಿವಿಗೊಟ್ಟರು. ಇಲ್ಲವೇ ಇಲ್ಲ.

ಹಾಗಾದರೆ ನಿಮಗಿದೇ, ದುಡ್ಡೂ ಮಿಕ್ಕಿತು,
ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದು
ಪೆಟ್ಟಿಗೆ ಕಟ್ಟತೊಡಗಿದೆ.

ಕೈ ಹಿಡಿದು ನಿಲ್ಲಿಸಿದರು.
"ಸೇರಿದ ದಿನ ಮೇಸ್ತ್ರಿಯೂ ಹೀಗೇ ಅಂದಿದ್ದ,
ಒಂದು ತಿಂಗಳು ತಡೆದುಕೋ, ಆಮೇಲೆ ಸದ್ದು ಕೇಳಿಸುವುದಿಲ್ಲ ಅಂತ.
ನಿಜ, ಕೇಳಿಸಲಿಲ್ಲ.
ಆಮೇಲೆ ಗುಬ್ಬಿಯೂ ಕೇಳಿಸಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಹೀಟರು ಟಿಕ್ಕೆಂದಿತು,
ಅವರಿಗೆ ಅಲ್ಲ.

ಎಂಬತ್ತು ಝ್ಲೋಟಿ ಕಮ್ಮಿ. ಚೌಕಾಶಿ ಮಾಡಲಿಲ್ಲ,
ನನ್ನ ಕಪಾಟಿನ ಸ್ಪೀಕರುಗಳ ಮುಸುಕುಬಟ್ಟೆಯನ್ನು
ಎರಡು ಬೆರಳಲ್ಲಿ ಉಜ್ಜಿ ನೋಡಿದರು.
"ಹಾಸು ಸಡಿಲ, ಹೊಕ್ಕು ಬಿಗಿ. ಯಾರು ನೇಯ್ದದ್ದು ಇದನ್ನು, ಥೂ.
ಮೂರು ಜೊತೆಗೆ ಹೊಸ ಮುಸುಕು ಹೊಲಿದು ಕೊಡುತ್ತೇನೆ,
ಆ ಭಾರದ್ದನ್ನು ಇತ್ತ ಕೊಡಿ."

ಭಾರದ್ದನ್ನು ನಾನೇ ಹೊತ್ತೆ,
ಟ್ರಾಮಿನಲ್ಲಿ ಆರು ನಿಲ್ದಾಣ, ಆಮೇಲೆ ನಾಲ್ಕು ಮಹಡಿ.
ತಂತಿ ಸಿಕ್ಕಿಸಿದೆ. ಸ್ವಿಚ್ಚೊತ್ತಿದೆ.
ಏನೂ ಕೇಳಿಸಲಿಲ್ಲ, ಇಬ್ಬರಿಗೂ.
ಅವರು ನನ್ನ ಮುಖವನ್ನೇ ನೋಡುತ್ತಿದ್ದರು,
ಪರೀಕ್ಷೆಯ ಫಲಿತಾಂಶ ಓದುವ ಹಾಗೆ.

ಮೂರು ವಾರಕ್ಕೆ ಮುಸುಕು ಬಂತು, ಕಂದು ಬಣ್ಣ,
ಅಂಚು ಕೂದಲೆಳೆಯಷ್ಟೂ ಓರೆಯಿಲ್ಲ.
ಅಷ್ಟರಲ್ಲಿ ನಾನು ಮೀಸೆ ಬೋಳಿಸಿದ್ದೆ.
ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.
ಗುಂಡಿಗೆ ಕೆಂಪು ದಾರ ಕಟ್ಟಿದ್ದೇನೆ, ಎಂದರು,
ಗಡಿಯಾರದ ಒಂಬತ್ತು ಇರುವ ಜಾಗದಲ್ಲಿ.
ಅದನ್ನು ದಾಟಿಲ್ಲವಂತೆ ಇನ್ನೂ.